ಕಾರು ಬಂದರೆ ಹತ್ತುವ ಬೆಂಕಿ

ಹಲಸೂರಿನ ಡೇ ಕೇರ್ ಬಾಗಿಲಲ್ಲಿ ಕೂತು ಮಗಳು ಮೋನಿಷಾಳ ಶೂ ಲೇಸು ಕಟ್ಟುತ್ತಿದ್ದಾಗ ನಂದಿತಾಳ ಫೋನು ಬಡಿದುಕೊಂಡಿತು. ಇಂದಿರಾನಗರದ ಮುನಿರಾಜಪ್ಪನವರು. ಅವರ ಹೊಸ ಮನೆಯ ದೀಪ, ಪರದೆ, ಏಸಿ ಎಲ್ಲವನ್ನೂ ಫೋನಿನಿಂದಲೇ ನಡೆಯುವಂತೆ ಜೋಡಿಸಿಕೊಟ್ಟವಳು ಇವಳೇ.

"ಏನಮ್ಮಾ ನಂದಿತಾ, ಕಮರ್ಷಿಯಲ್ ಸ್ಟ್ರೀಟಲ್ಲಿ ಸೀರೆ ಮುಗೀತು. ಬೀಗರನ್ನ ಮನೆ ತೋರ್ಸಕ್ಕೆ ಕರ್ಕೊಂಡು ಬರ್ತಾ ಇದ್ದೀನಿ. ನಾವು ಒಳಗೆ ಕಾಲಿಡೋ ಹೊತ್ಗೆ ಫೈರ್‌ಪ್ಲೇಸ್ ಉರೀತಿರ್ಬೇಕು. ಮರ್ಯಾದೆ ಪ್ರಶ್ನೆ!"

"ಬೆಂಗ್ಳೂರಿಗೆ ಗೋಡೆ ಒಲೆ," ಹಿಂದಿನ ಸೀಟಿನಿಂದ ಅವರ ಹೆಂಡತಿ ಗೋವಿಂದಮ್ಮನ ದನಿ. "ಅದ್ರಲ್ಲಿ ಒಂದು ಮುದ್ದೆ ಬೇಯಿಸಕ್ಕೂ ಆಗಲ್ಲ." ಕಾರಿನಲ್ಲಿ ಯಾರೋ ನಕ್ಕರು.

ನಂದಿತಾಳ ಕೈಯಿಂದ ಲೇಸು ಜಾರಿತು.

ಆ ಫೈರ್‌ಪ್ಲೇಸಿನೊಳಗೆ ಈಗ ಗ್ಯಾಸ್ ಫಿಟ್ಟರ್ ಮುಕ್ತಾರ್ ತಲೆ ತೂರಿಸಿ ಮಲಗಿದ್ದಾನೆ. ಮಧ್ಯಾಹ್ನ ಗ್ಯಾಸ್ ಪೈಪಿನ ಜಾಯಿಂಟಿನಲ್ಲಿ ಸಣ್ಣಗೆ ವಾಸನೆ ಬಂದಿತ್ತು. "ಓನರಿಗೆ ಗೊತ್ತಾಗೋದು ಬೇಡ, ಅವ್ರು ಬರೋದ್ರೊಳಗೆ ಮುಗಿಸ್ಬಿಡಿ" ಎಂದಿದ್ದ ಬಾಸ್ ಲಕ್ಷ್ಮಿಕಾಂತ. ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಬೇಕು. ಅದಕ್ಕೆ ಗ್ಯಾಸ್ ತೆರೆದೇ ಇರಬೇಕು. ಮುಕ್ತಾರ್ ಎರಡು ಸಲ ಕೇಳಿದ್ದ: "ಅಕ್ಕಾ, ಕಿಡಿ ಬರಲ್ಲ ಅಲ್ವಾ?" ಇವಳು ರಿಮೋಟಿನಲ್ಲಿ ಆಫ್ ಒತ್ತಿ, "ಧೈರ್ಯವಾಗಿ ಮಾಡು ಭಾಯ್" ಎಂದು ಹೇಳಿ, ಡೇ ಕೇರ್ ಮುಚ್ಚುವ ಹೊತ್ತಾಯಿತೆಂದು ಓಡಿ ಬಂದಿದ್ದಳು.

ಆದರೆ ಯಜಮಾನರ ಫೋನು ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಬಂದರೆ ಬೆಂಕಿ ತಾನಾಗಿ ಹತ್ತುತ್ತದೆ. ಅದು ರಿಮೋಟಿನ ಮಾತು ಕೇಳುವುದಿಲ್ಲ. ಹೋದ ವಾರ ಹಾಗೆ ಮಾಡಿಟ್ಟವಳು ಇವಳೇ, ಇವತ್ತು ಮರೆತವಳೂ ಇವಳೇ. ಬೆಳಿಗ್ಗೆಯೇ ಮನೆ ಒಪ್ಪಿಸಿಕೊಟ್ಟು ಪಾಸ್‌ವರ್ಡ್ ಬಿಟ್ಟುಕೊಟ್ಟಾಗಿತ್ತು. ಇಲ್ಲಿಂದ ಏನೂ ಮಾಡುವ ಹಾಗಿಲ್ಲ. ಮುಕ್ತಾರನಿಗೆ ಹೇಳೋಣವೆಂದರೆ, ಗ್ಯಾಸ್ ಕೆಲಸಕ್ಕೆ ಕೂತರೆ ಅವನು ಫೋನ್ ಸ್ವಿಚ್ ಆಫ್ ಮಾಡಿ ಗೇಟಿನ ಹತ್ತಿರವೇ ಇಟ್ಟು ಬರುವವನು.

"ಸರ್, ಎಲ್ಲಿದ್ದೀರಾ?"

"ಹಲಸೂರು ಮೆಟ್ರೋ ಹತ್ರ. ಜಾಮು. ಹಾಂ, ಬಿಡ್ತಾ ಇದೆ ನೋಡು."

ಬೆಂಕಿ ಹತ್ತುವ ಆ ಒಂದು ಕಿಲೋಮೀಟರಿನ ಗೆರೆಗೆ ಅಲ್ಲಿಂದ ಮುನ್ನೂರು ಮೀಟರ್ ಇದ್ದರೆ ಹೆಚ್ಚು.

"ಸರ್, ಕಾರು ನಿಲ್ಲಿಸಿ!"

"ನಡು ರೋಡಲ್ಲಾ? ತಲೆ ಕೆಟ್ಟಿದ್ಯಾ?"

ಬಾಸಿನ ಮುಖ, ತಿಂಗಳ ಸಂಬಳ, ಮೋನಿಷಾಳ ಫೀಸು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹಾರ್ನುಗಳ ನಡುವೆ ಕಾರು ಹೊರಟ ಸದ್ದು ಕೇಳಿಸಿತು.

"ಗ್ಯಾಸ್ ಲೀಕಾಗ್ತಿತ್ತು ಸರ್. ನಿಮ್ಗೆ ಹೇಳ್ಲಿಲ್ಲ. ಒಳಗೆ ಒಬ್ರು ತಲೆ ಹಾಕ್ಕೊಂಡು ರಿಪೇರಿ ಮಾಡ್ತಿದ್ದಾರೆ. ನೀವು ಮುಂದೆ ಬಂದ್ರೆ ಅವ್ರ ಮುಖದ ಮೇಲೇ ಹತ್ಕೊಳ್ಳತ್ತೆ!"

ಬ್ರೇಕು ಕಿರುಗುಟ್ಟಿತು. ಹಿಂದಿನಿಂದ ಯಾರೋ ತಮಿಳಿನಲ್ಲಿ ಬೈದರು, ಇನ್ಯಾರೋ ಕನ್ನಡದಲ್ಲಿ.

"ಲೀಕಾ? ಬೀಗರ ಮುಂದೆ ಹೇಳೋ ಮಾತಾ ಇದು?" ಮುನಿರಾಜಪ್ಪ ದನಿ ತಗ್ಗಿಸಿದರು. "ಫೋನಲ್ಲೇ ಆಫ್ ಮಾಡ್ತೀನಿ, ಎಲ್ಲಿ ಒತ್ಬೇಕು ಹೇಳು."

ಹೇಳಲು ಬಾಯಿ ತೆರೆದವಳು ತಡೆದಳು. ರಿಮೋಟಿನಲ್ಲಿ ಒತ್ತಿದಾಗಲೂ ಆಫ್ ಆಯಿತೆಂದೇ ನಂಬಿದ್ದಳು.

"ಬೇಡ ಸರ್. ನಾನೇ ಹೋಗಿ ಗ್ಯಾಸ್ ಮುಚ್ಚಿ ಫೋನ್ ಮಾಡ್ತೀನಿ. ಅಲ್ಲೀವರ್ಗೂ ಕದಲ್ಬೇಡಿ."

"ರೀ," ಗೋವಿಂದಮ್ಮ ಅಂದರು, "ಕಾರು ಒಂದಡಿ ಮುಂದೆ ಹೋದ್ರೆ ನಾನಿಲ್ಲೇ ಇಳ್ಕೋತೀನಿ. ನೀನು ಓಡು ಮಗಾ."

ಕಟ್ಟದ ಲೇಸಿನ ಮಗಳನ್ನು ಎತ್ತಿಕೊಂಡು ನಂದಿತಾ ಆಟೋ ಹತ್ತಿದಳು. ಗಲ್ಲಿ ಗಲ್ಲಿ ನುಗ್ಗಿ ಹತ್ತು ನಿಮಿಷ. ಪ್ರತಿ ತಿರುವಿನಲ್ಲೂ "ಕದಲಿಲ್ಲ ತಾನೆ?" ಎಂದು ಕೇಳಿದಳು, "ಇಲ್ಲ ಕಣಮ್ಮಾ, ಪೊಲೀಸ್ ಬಂದಿದ್ದಾನೆ, ಬೈಸ್ಕೋತಾ ಇದ್ದೀನಿ" ಎಂದರು ಮುನಿರಾಜಪ್ಪ.

ಹಾಲಿನಲ್ಲಿ ಫೈರ್‌ಪ್ಲೇಸಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಅಲುಗಾಟವಿಲ್ಲ. ನಂದಿತಾ ಉಸಿರು ಬಿಗಿಹಿಡಿದು ಗೋಡೆಯ ವಾಲ್ವು ತಿರುಗಿಸಿದಳು, ಫೈರ್‌ಪ್ಲೇಸಿನ ಕರೆಂಟಿನ ಪ್ಲಗ್ಗು ಕಿತ್ತಳು.

ಒಂದು ಪಾದ ಇನ್ನೊಂದನ್ನು ಕೆರೆದುಕೊಂಡಿತು. "ಯಾರು ಗ್ಯಾಸ್ ಮುಚ್ಚಿದ್ದು?" ಎನ್ನುತ್ತ ಮುಕ್ತಾರ್ ಹೊರಗೆ ಜಾರಿ ಬಂದ, ಗಡ್ಡದ ತುಂಬ ಸೋಪಿನ ನೊರೆ. "ಅಕ್ಕಾ? ಪಾಪೂನೂ ಕರ್ಕೊಂಡ್ ಬಂದ್ರಾ? ಎರಡೇ ನಿಮಿಷದ ಕೆಲ್ಸ ಇತ್ತಲ್ಲ."

"ಕಾರು ಬಂದ್ರೆ ತಾನಾಗಿ ಹತ್ಕೊಳ್ಳೋದನ್ನ ನಾನು ಆಫ್ ಮಾಡಿರ್ಲಿಲ್ಲ ಭಾಯ್," ಎಂದಳು ನಂದಿತಾ.

ಮುಕ್ತಾರ್ ಅವಳ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದ. ಎದ್ದು ಹೋಗಿ ಗೋಡೆಯ ವಾಲ್ವನ್ನು ತಾನೇ ಇನ್ನೊಮ್ಮೆ ಬಿಗಿ ಮಾಡಿದ.