ಗೆದ್ದ ಮೇಲಿನ ಪಟ್ಟು

ಲಾಡಲೇಸಾಬ ತಿಕೋಟಾದ ಹಳೆಯ ಪೈಲ್ವಾನ. ವಯಸ್ಸಾದರೂ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಬಾಕ್ಸುಗಳನ್ನು ತಾನೇ ಎತ್ತಿ ಒಟ್ಟುತ್ತಿದ್ದ. ಮೊಮ್ಮಗಳು ಸಮ್ರೀನ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ ಕಿಕ್ ಬಾಕ್ಸಿಂಗ್ ಕಲಿಯುವುದು ಅವನಿಗೆ ಸುತರಾಂ ಒಗ್ಗಿರಲಿಲ್ಲ. ಇವತ್ತು ಕಡೆಯ ಮಾತು ಹೇಳಿಯೇಬಿಟ್ಟ.

“ನಾಳಿಂದ ಕ್ಲಾಸು ಬಂದ್. ಗಾಳಿಗೆ ಒದ್ದರ ಯಾರ ಬೀಳ್ತಾರ? ಜೀವದ ಮ್ಯಾಲ ಬಂದಾಗ ಕುಸ್ತಿ ಒಂದೇ ಕೈ ಹಿಡೀತದ.”

“ಕುಸ್ತ್ಯಾಗ ಬರೇ ಅಪ್ಪಿಕೊಳ್ಳೂದು, ಮುತ್ತ್ಯಾ. ಚಾಕು ಹಿಡದಾಂವನ್ನ ಯಾರ ಅಪ್ಪಿಕೊಳ್ತಾರ?”

ಸಮ್ರೀನಳ ಬಾಯಿ ಜೋರಾಗಿತ್ತು. ಆದರೆ ಮನೆಯಲ್ಲಿ ಮುತ್ತ್ಯಾ ಬೇಡವೆಂದರೆ ಮುಗಿಯಿತು. ಆ ಕ್ಲಾಸು ಬಿಟ್ಟರೆ ತನ್ನದೆನ್ನುವುದು ಅವಳಿಗೆ ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ಅಶ್ಫಾಕ ಶೆಡ್ಡಿನೊಳಗೆ ಬಂದ. ಕುಡಿದು ಬರುತ್ತಾನೆಂದು ಮುತ್ತ್ಯಾ ನಿನ್ನೆಯಷ್ಟೇ ಕೆಲಸದಿಂದ ತೆಗೆದಿದ್ದ ಆಳು. ಇವತ್ತೂ ಕುಡಿದಿದ್ದ, ಕೈಯಲ್ಲಿ ಕುಡಗೋಲು. ಮಾತಿಲ್ಲ ಕತೆಯಿಲ್ಲ, ಸೀದಾ ಮುದುಕನ ಮೇಲೆ ಬೀಸಿದ.

ಮುಂದಾದದ್ದನ್ನು ಸಮ್ರೀನ ಬಾಯಿ ಬಿಟ್ಟುಕೊಂಡು ನೋಡಿದಳು. ಮುತ್ತ್ಯಾ ಹಿಂದೆ ಸರಿಯಲಿಲ್ಲ, ಮುಂದಕ್ಕೇ ನುಗ್ಗಿದ. ಬೀಸಿದ ತೋಳಿನ ಕೆಳಗೆ ತೂರಿ, ಸೊಂಟಕ್ಕೆ ಕೈಹಾಕಿ, ಆ ದಾಂಡಿಗನನ್ನು ಹಸುಗೂಸಿನಂತೆ ಎತ್ತಿ ನೆಲಕ್ಕೆ ಅಂಗಾತ ಕೆಡವಿದ. ಅಬ್ಬಾ! ಇದನ್ನೇ ಅಲ್ಲವೇ ತಾನು ಅಪ್ಪಿಕೊಳ್ಳುವುದೆಂದು ಹಂಗಿಸಿದ್ದು? ಅವಳ ಮೈ ಜುಮ್ಮೆಂದಿತು.

ಆದರೆ ಪೈಲ್ವಾನರ ಚಟ ಎಲ್ಲಿ ಹೋಗಬೇಕು? ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತೆಂದರೆ ಕುಸ್ತಿ ಮುಗಿದಂತೆ. ಮುತ್ತ್ಯಾ ಹಿಡಿತ ಬಿಟ್ಟ, ಎದ್ದ, ಬಿದ್ದವನನ್ನು ಎಬ್ಬಿಸಲು ಕೈ ಚಾಚಿದ. ಅಶ್ಫಾಕ ಆ ಕೈ ಹಿಡಿಯಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಕುಡಗೋಲು ಹಿಡಿದು ಮೊಣಕಾಲ ಮೇಲೆದ್ದ.

ಸಮ್ರೀನಳ ಕಾಲು ತಾನಾಗಿ ಹಾರಿತು. ಮಣಿಕಟ್ಟಿಗೆ ಬಿದ್ದ ಒದೆತಕ್ಕೆ ಕುಡಗೋಲು ಠಣ್ಣೆಂದು ದೂರ ಸಿಡಿಯಿತು, ಅಶ್ಫಾಕ ಮಗ್ಗುಲಾಗಿ ಉರುಳಿದ. ಅವಳಾದರೂ ಏನು ಮಾಡಿದಳು? ಬಿದ್ದವನನ್ನು ಹೊಡೆಯಬಾರದೆಂದು ಕಲಿತವಳು, ಹಿಂದೆ ಸರಿದು ಸುಮ್ಮನೆ ನಿಂತಳು. ಆ ಕಡೆ ಅಜ್ಜ, ಈ ಕಡೆ ಮೊಮ್ಮಗಳು, ಯಾರೋ ಸೀಟಿ ಊದಲಿ ಎಂದು ಕಾಯುವವರ ಹಾಗೆ! ಅಶ್ಫಾಕ ಮತ್ತೆ ಕುಡಗೋಲಿನತ್ತ ತೆವಳತೊಡಗಿದಾಗಲೇ ಇಬ್ಬರಿಗೂ ಎಚ್ಚರ ಬಂದದ್ದು. ಅಜ್ಜ ಅವನ ಬೆನ್ನ ಮೇಲೆ ಕೂತುಬಿಟ್ಟ; ಅವಳು ಓಡಿಹೋಗಿ ಕುಡಗೋಲನ್ನು ಒದ್ದು ಹೊರಗೆ ಹಾಕಿದಳು.

ಜನ ಬಂದು ಅಶ್ಫಾಕನನ್ನು ಎಳೆದೊಯ್ದರು. ಆಮೇಲೆ ಸಮ್ರೀನ ನೋಡಿದಳು, ಮುತ್ತ್ಯಾ ತಾನು ಚಾಚಿದ್ದ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಊರಿನ ಅರ್ಧ ಗಂಡಸರಿಗೆ ಪಟ್ಟು ಕಲಿಸಿದ ಕೈ ಅದು.

“ನಾಳೆ ಕ್ಲಾಸಿಗೆ ಹೋಗವಾ,” ಎಂದ ಮುತ್ತ್ಯಾ. “ಬಿದ್ದಾಂವ ಮತ್ತ ಎದ್ದರ ಏನ್ ಮಾಡಬೇಕಂತ ನಿಮ್ಮ ಸರ್‌ಗೆ ಕೇಳ್ಕೊಂಡ ಬಾ.”

ಒಂದು ಬಾಕ್ಸು ಎತ್ತಿ ಒಟ್ಟುತ್ತ, ಅವಳ ಮುಖ ನೋಡದೆಯೇ ಹೇಳಿದ: “ಬಂದು ನನಗೂ ಕಲಿಸು.”