ಹೊಸ್ತಿಲಾಚೆಯ ಪಾಠ

ತರ್ಕಶಾಸ್ತ್ರದ ಪ್ರಾಧ್ಯಾಪಕರು ಒಂದು ಪದ್ಧತಿಯನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದರು. ತರಗತಿ ತಪ್ಪಿಸಿದವರು ಮರಳಿದ ದಿನ ಎದ್ದು ನಿಂತು, ತಾವಿಲ್ಲದಾಗ ನಡೆದ ಪಾಠದ ಸಾರವನ್ನು ಎಲ್ಲರೆದುರು ಹೇಳಬೇಕು. ಗೆಳೆಯರನ್ನು ಕೇಳಿಯಾದರೂ ಕಲಿತು ಬರಲಿ ಎಂಬುದು ಅವರ ಸದಾಶಯ.

ಆ ಸದಾಶಯವೇ ಅವರ ತರಗತಿಯ ಒಬ್ಬ ಹುಡುಗಿಗೆ ಕಾಲ್ತೊಡಕಾಯಿತು. ಜ್ವರದಿಂದ ಒಂದು ಪಾಠ ತಪ್ಪಿತ್ತು. ಅದನ್ನು ಓದಿಕೊಂಡು ಹೋಗೋಣವೆನ್ನುವಷ್ಟರಲ್ಲಿ ಮುಂದಿನದೂ ಮುಗಿದಿತ್ತು. ಹಿಂದುಳಿದಷ್ಟೂ ಹೆದರಿಕೆ, ಹೆದರಿದಷ್ಟೂ ಹಿಂದುಳಿಯುವುದು. ಈಗ ಅವಳು ಬೆಳಗಾದರೆ ಪುಸ್ತಕ ಹಿಡಿದು ಮನೆ ಬಿಟ್ಟು, ಸೋದರತ್ತೆಯ ಇಸ್ತ್ರಿ ಅಂಗಡಿ ಸೇರಿ, ಮಡಿಸಿದ ಅಂಗಿಗಳ ಮರೆಯಲ್ಲಿ ಕೂರುತ್ತಿದ್ದಳು. ಕೇಳಿದರೆ, ರಜೆ ಎನ್ನುತ್ತಿದ್ದಳು.

ಒಂದು ದಿನ ಅಂಗಡಿಯಲ್ಲಿದ್ದಾಗಲೇ ವಿಭಾಗದಿಂದ ಅವಳಿಗೆ ಫೋನು ಬಂತು, ಅತ್ತೆಗೂ ಕೇಳಿಸಿತು: ಇನ್ನೊಂದು ತರಗತಿ ತಪ್ಪಿದರೂ ಪರೀಕ್ಷೆಗೆ ಕೂರಿಸುವುದಿಲ್ಲ.

“ಏನೇ ಇದು, ರಜೆ ಅಂದಿದ್ದೆ?” ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

ಹುಡುಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

“ಜ್ವರ ಒಂದು ದಿನ, ನಾಚಿಕೆ ಒಂದು ತಿಂಗಳಾ? ಚೆನ್ನಾಗಿದೆ! ಗೊತ್ತಿಲ್ಲ ಅನ್ನೋಕೇನು ಸುಂಕ ಕಟ್ಟಬೇಕಾ?”

“ಎಲ್ಲರೂ ನಗ್ತಾರೆ, ಅತ್ತೆ.”

“ನಗಲಿ ಬಿಡು. ನೀನು ಮಡಿಸಿದ ಪ್ಯಾಂಟು ನೋಡಿ ನನ್ನ ಗಿರಾಕಿಗಳೂ ನಗ್ತಿದಾರೆ. ಏಳು ಮೊದಲು!”

ತರಗತಿಯ ಹೊರಗಿನ ಮೆಟ್ಟಿಲುಗಳ ಮೇಲೆ ಅವಳ ನಾಲ್ಕಾರು ಸಹಪಾಠಿಗಳು ಕೂತಿದ್ದರು.

“ಹಿಂದಿನ ಪಾಠ ಓದ್ಕೊಂಡ್ಯಾ?” ಎಂದು ಒಬ್ಬ ಕೇಳಿದ.

“ಇಲ್ಲ.”

“ಆದ್ರೂ ಒಳಗೆ ಹೋಗ್ತೀಯಾ? ಗಟ್ಟಿಗಿತ್ತಿ ಬಿಡು ಮಾರಾಯ್ತಿ!”

ಒಳಗೆ ಹಿಂದಿನ ಬೆಂಚುಗಳೆಲ್ಲ ಬರಿದಾಗಿದ್ದವು. ಪ್ರಾಧ್ಯಾಪಕರು ಕನ್ನಡಕ ಸರಿಪಡಿಸಿಕೊಂಡರು. “ಬಾಮ್ಮ. ಎಲ್ಲಿ, ಹಿಂದಿನ ಪಾಠ ಹೇಳು.”

ಹುಡುಗಿ ಚೀಲವನ್ನು ಬೆಂಚಿನ ಮೇಲಿಟ್ಟು ನಿಂತಳು. “ಗೊತ್ತಿಲ್ಲ ಸಾರ್. ಒಂದು ಪಾಠ ತಪ್ಪಿದ್ದು ಜ್ವರಕ್ಕೆ. ಉಳಿದದ್ದೆಲ್ಲ ತಪ್ಪಿದ್ದು ಈ ಪ್ರಶ್ನೆಗೆ ಹೆದರಿ. ಹೊರಗೆ ಮೆಟ್ಟಿಲ ಮೇಲೆ ಕೂತೋರೂ ಇದಕ್ಕೇ ಹೆದರ್ಕೊಂಡಿರೋದು.”

ಯಾರೋ ಕಿಸಕ್ಕೆಂದರು. ಪ್ರಾಧ್ಯಾಪಕರು ನಗಲಿಲ್ಲ. ಖಾಲಿ ಬೆಂಚುಗಳನ್ನು ಅವರು ಇದುವರೆಗೆ ಹುಡುಗರ ಸೋಮಾರಿತನದ ಲೆಕ್ಕಕ್ಕೆ ಹಾಕಿದ್ದರು. ಎದುರಿನ ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ಕ್ರಮವನ್ನು ಬೋಧಿಸುತ್ತಲೇ ಬಂದವರಿಗೆ, ತಮ್ಮ ಕಣ್ಣೆದುರಿನ ಕಾರ್ಯಕ್ಕೆ ತಾವೇ ಕಾರಣವೆಂಬುದು ಹೊಳೆದಿರಲಿಲ್ಲ.

ಆ ಮೌನವನ್ನು ಹುಡುಗಿ ಕೋಪವೆಂದುಕೊಂಡಳು. ಪರೀಕ್ಷೆ ಕೈತಪ್ಪಿತೆಂದು ಚೀಲಕ್ಕೆ ಕೈ ಹಾಕಿದಳು.

“ಎಲ್ಲಿಗಮ್ಮ? ಕೂತ್ಕೋ. ನಿನ್ನ ಹಾಜರಿ ಹಾಕಿದೀನಿ. ಇನ್ಮೇಲೆ ತಪ್ಪಿಸಬೇಡ, ಪರೀಕ್ಷೆಗೆ ಕೂರಬಹುದು.”

ಬಳಿಕ ಅವರು ಬಾಗಿಲಿಗೆ ಹೋಗಿ, ಮೆಟ್ಟಿಲ ಕಡೆ ತಿರುಗಿ ಕರೆದರು: “ಒಳಗೆ ಬನ್ರಪ್ಪ, ಏನೂ ಕೇಳಲ್ಲ.”

ಒಬ್ಬರ ಬೆನ್ನಿಗೊಬ್ಬರು ಅವಿತುಕೊಳ್ಳುತ್ತ ಅವರು ಬಂದು ಕೂತರು. ಪ್ರಾಧ್ಯಾಪಕರು ಹಲಗೆಯನ್ನು ಪೂರ್ತಿ ಒರೆಸಿದರು.

“ಬಿಟ್ಟುಹೋದದ್ದನ್ನ ನಾನೇ ಹೇಳ್ತೀನಿ. ಅರ್ಥ ಆಗದಿದ್ರೆ ಅಲ್ಲೇ ತಡೀಬೇಕು.”

ಎರಡನೆಯ ವಾಕ್ಯಕ್ಕೇ ಹುಡುಗಿ ಕೈಯೆತ್ತಿದಳು.