ಮದ್ದು ಹೊಡೆಯದ ಮನೆ

“ಇವತ್ತು ಬೇಡ ಧನಿ. ಒಳಗೆ ಕೋಳಿ ಕಾವಿಗೆ ಕೂತುಂಟು” ಎಂದು ಸೇಸಮ್ಮ ಎರಡೂ ಕೈಗಳನ್ನು ಬಾಗಿಲಿಗೆ ಅಡ್ಡ ಕೊಟ್ಟು ನಿಂತಳು.

ಲೋಕನಾಥನಿಗೆ ಇಂಥ ಮಾತು ಹೊಸದಲ್ಲ. ಮಲೇರಿಯಾ ಇನ್ಸ್‌ಪೆಕ್ಟರನಾಗಿ ಬೆಳ್ತಂಗಡಿಗೆ ಬಂದಂದಿನಿಂದ, ಮನೆಯೊಳಗೆ ಡಿ.ಡಿ.ಟಿ. ಹೊಡೆಸಿಕೊಳ್ಳದಿರಲು ಜನ ಹೇಳುವ ನೆವಗಳನ್ನೆಲ್ಲ ಅವನು ಕೇಳಿದ್ದ. ಸೂತಕ, ಬಾಣಂತಿ, ದೈವದ ಕೋಣೆ, ಅಕ್ಕಿ ಮುಡಿ. ಇವತ್ತು ಕೋಳಿ. ಬೆಳಗಿನಿಂದ ನೆರಿಯದ ಗುಡ್ಡ ಹತ್ತಿ ಇಳಿದು ಅವನು ದಣಿದಿದ್ದ. ಅವನ ಹಿಂದೆ, ಪಂಪು ಹಿಡಿಯುವ ಜತ್ತಪ್ಪ ಮದ್ದಿನ ಬಾಲ್ದಿಯನ್ನು ಅಂಗಳದಲ್ಲಿಟ್ಟು, ಒಂದು ಬೀಡಿಗೆ ಸಮಯ ಸಿಕ್ಕೀತೋ ಎಂದು ನೋಡುತ್ತಿದ್ದ.

“ಕೋಳಿಯನ್ನು ಬುಟ್ಟಿ ಸಮೇತ ಹೊರಗೆ ಇಡಿ.”

“ಜಾಗ ಬದಲಿಸಿದ್ರೆ ಅದು ಮತ್ತೆ ಕೂರ್ಲಿಕ್ಕಿಲ್ಲ. ಮೊಟ್ಟೆ ಎಲ್ಲ ಹಾಳಾಗ್ತದೆ. ಒಂದು ವಾರ ಬಿಟ್ಟು ಬನ್ನಿ, ನಾನೇ ಬಾಗಿಲು ತೆಗೆದು ಕೊಡ್ತೇನೆ.”

“ವಾರ ಬಿಟ್ಟು ಬರ್ಲಿಕ್ಕೆ ಇದೇನು ನೆಂಟರ ಮನೆಯಾ?”

ಜತ್ತಪ್ಪ ನಕ್ಕ. ಸೇಸಮ್ಮ ನಗಲಿಲ್ಲ. ಗಂಡ ಸತ್ತ ಮೇಲೆ ಕೋಳಿ, ಮೊಟ್ಟೆ ಮಾರಿ ಉಪ್ಪು ಮೆಣಸು ತರುತ್ತಿದ್ದ ಹೆಂಗಸು ಅವಳು.

“ಈ ಮದ್ದು ಸೊಳ್ಳೆಗೆ. ಕೋಳಿಗೆ ಏನೂ ಆಗ್ಲಿಕ್ಕಿಲ್ಲ. ಏನಾದ್ರೂ ಆದ್ರೆ ನಾನಿದ್ದೇನಲ್ಲ” ಎಂದ ಲೋಕನಾಥ.

ಅವಳು ಕೈ ಇಳಿಸಿದಳು. ನಂಬಿ ಇಳಿಸಿದ್ದಲ್ಲ, ಎದುರಿಗೆ ನಿಂತವನು ಸರಕಾರದವನು ಎಂದು ಇಳಿಸಿದ್ದು. ಜತ್ತಪ್ಪ ಒಳಗೆ ಹೋಗಿ ಗೋಡೆ, ಮಾಡಿನ ಅಡಿ, ಬಾಗಿಲ ಸಂದು ಎಲ್ಲಕ್ಕೂ ಹೊಡೆದ. ಬಿಳಿ ನೀರು ಮಣ್ಣಿನ ಗೋಡೆಯ ಮೇಲೆ ಇಳಿಯಿತು. ಜಿರಳೆಗಳು ಒಂದೊಂದಾಗಿ ಕೆಳಗೆ ಬಿದ್ದು ಕಾಲು ಬಡಿದವು. ಮೂಲೆಯ ಬುಟ್ಟಿಯಲ್ಲಿ ಕೋಳಿ ಮೈ ಉಬ್ಬಿಸಿಕೊಂಡು ಅವರನ್ನು ದಿಟ್ಟಿಸಿತೇ ಹೊರತು ಏಳಲಿಲ್ಲ. ಲೋಕನಾಥ ಬಾಗಿಲ ಪಕ್ಕದ ಗೋಡೆಯಲ್ಲಿ ಕೆಂಪು ಕಾವಿಯ ಕಡ್ಡಿಯಿಂದ ಮದ್ದು ಹೊಡೆದ ತಾರೀಕು ಬರೆದು ಮುಂದಿನ ಮನೆಗೆ ಹೊರಟ.

ಮುಂದಿನ ವಾರ ಬೆಳ್ತಂಗಡಿ ಪೇಟೆಯ ಸರದಿ. ಅವನು ಬಾಡಿಗೆಗಿದ್ದ ಓಣಿಯೂ ಅದರಲ್ಲಿ ಬರುತ್ತಿತ್ತು.

ಅವನ ಮನೆಯ ಒಳಜಗಲಿಯಲ್ಲಿ ತೂಗುಹಾಕಿದ ಸರಳಿನ ಗೂಡಿನಲ್ಲಿ ಒಂದು ಜೊತೆ ಹಳದಿ ಕ್ಯಾನರಿ ಹಕ್ಕಿಗಳಿದ್ದವು. ಮುಂಬಯಿಯ ಕೋಟೆ ಪೇಟೆಯಲ್ಲಿ ಸೋದರಮಾವನ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತು ರಾತ್ರಿ ಶಾಲೆ ಓದುತ್ತಿದ್ದಾಗ, ಮೇಲಿನ ಮಾಳಿಗೆಯ ಪಾರಸಿ ಮುದುಕನೊಬ್ಬನಿಂದ ಅವನಿಗೆ ಈ ಹುಚ್ಚು ಹತ್ತಿತ್ತು. ಊರಿಗೆ ಮರಳುವಾಗ ಮುದುಕ ಒಂದು ಜೊತೆ ಕೊಟ್ಟು, ಒಂದು ಬುದ್ಧಿಮಾತನ್ನೂ ಹೇಳಿ ಕಳಿಸಿದ್ದ: ಕಾಳಿನ ಬಟ್ಟಲು ತುಂಬಿದಂತೆ ಕಂಡರೆ ನಂಬಬೇಡ, ಊದಿ ನೋಡು, ಮೇಲಿರುವುದು ಬರೀ ಹೊಟ್ಟು. ಲೋಕನಾಥ ದಿನಾ ಬೆಳಿಗ್ಗೆ ಬಟ್ಟಲು ಊದಿ, ಹೊಟ್ಟು ಹಾರಿಸಿ, ಹೊಸ ನವಣೆ ಹಾಕುತ್ತಿದ್ದ. ಹರಿವೆಯ ಎಳೆ ಸೊಪ್ಪನ್ನು ತೊಳೆದು ಸರಳಿಗೆ ಸಿಕ್ಕಿಸುತ್ತಿದ್ದ. ಕೊಕ್ಕು ತಿಕ್ಕಲು ಮಂಗಳೂರಿನ ಕಡಲತಡಿಯಿಂದ ಕಡಲನೊರೆಯ ಬಿಳಿ ಬಿಲ್ಲೆ ತರಿಸುತ್ತಿದ್ದ. ಬಿಸಿಲೇರುವ ಮೊದಲು ಮಣ್ಣಿನ ತಟ್ಟೆಯಲ್ಲಿ ಸ್ನಾನಕ್ಕೆ ನೀರು. ಕತ್ತಲಾದರೆ ಗೂಡಿನ ಮೇಲೆ ಪಂಚೆ. ಇರುವೆ ಇಳಿಯದಂತೆ ಹಗ್ಗಕ್ಕೆ ಚಿಮಿಣಿ ಎಣ್ಣೆಯ ಬಟ್ಟೆ.

“ನನಗೆ ಜ್ವರ ಬಂದಾಗ ಗಂಜಿಯನ್ನು ಹೀಗೆ ಊದಿ ಕೊಟ್ಟವರಲ್ಲ” ಎಂದು ಹೆಂಡತಿ ಪ್ರಫುಲ್ಲಾ ಹಂಗಿಸುತ್ತಿದ್ದಳು. ಮೂಡಬಿದ್ರಿಯ ಹುಡುಗಿ, ಈಗ ಐದು ತಿಂಗಳ ಬಸುರಿ.

ಹೋದ ವರ್ಷ ಹೆಣ್ಣು ಹಕ್ಕಿ ಇಟ್ಟ ಮೊಟ್ಟೆಗಳು ಒಡೆದು ಹೋಗಿದ್ದವು. ಈ ಸಲ ಲೋಕನಾಥ ತೆಂಗಿನ ಗೆರಟೆಯೊಂದನ್ನು ಉಜ್ಜಿ ನುಣುಪು ಮಾಡಿ, ನಾರು ಬಿಡಿಸಿಟ್ಟು ಗೂಡಿನೊಳಗೆ ಕಟ್ಟಿದ್ದ. ಅದರಲ್ಲಿ ನಾಲ್ಕು ಮೊಟ್ಟೆಗಳ ಮೇಲೆ ಹಕ್ಕಿ ಕೂತಿತ್ತು.

ಜತ್ತಪ್ಪ ಮೆಟ್ಟಿಲಲ್ಲಿ ಬಾಲ್ದಿ ಇಟ್ಟಾಗ ಲೋಕನಾಥ ಬಾಗಿಲಿಗೆ ಬಂದ.

“ಈ ಮನೆ ಬೇಡ.”

“ಹೊರಗಿನ ಗೋಡೆಗಾದ್ರೂ ಸ್ವಲ್ಪ, ಸಾರ್?”

“ಗಾಳಿಗೆ ಒಳಗೆ ಬರ್ತದೆ. ಬೇಡ ಅಂದೆನಲ್ಲ.”

ಮದ್ದು ಹೊಡೆದ ಊರುಗಳಲ್ಲಿ ಹಲ್ಲಿಗಳು ಉದುರಿದ್ದನ್ನು ಅವನು ನೋಡಿದ್ದ. ಬೆಕ್ಕುಗಳು ತಲೆ ತಿರುಗಿದಂತೆ ಸುತ್ತು ಹಾಕಿ ಸತ್ತದ್ದನ್ನೂ ನೋಡಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಒಂದು ಮನೆಯ ಬಾಗಿಲೂ ತೆರೆಯುವುದಿಲ್ಲ. ಚಳಿಜ್ವರದಲ್ಲಿ ಸಾಯುವವರು ಸಾಯುತ್ತಲೇ ಇರುತ್ತಾರೆ. ಅದು ಸುಳ್ಳಲ್ಲ. ಅವನ ಕಾಲದಲ್ಲಿ ಈ ತಾಲೂಕಿನಲ್ಲಿ ಜ್ವರ ಕಡಿಮೆಯಾಗಿತ್ತು ಎಂಬುದೂ ಸುಳ್ಳಲ್ಲ. ಅವನು ಕಾವಿಯ ಕಡ್ಡಿ ತೆಗೆದುಕೊಂಡು ತನ್ನ ಗೋಡೆಯ ಮೇಲೆ ತಾನೇ ತಾರೀಕು ಬರೆದ. ಸೇಸಮ್ಮನ ಕೋಳಿ ಆಗ ಅವನಿಗೆ ನೆನಪಾಗಲಿಲ್ಲ. ನೆನಪಾಗಿದ್ದರೂ ಬರೆಯುತ್ತಿದ್ದ.

ಮೊಟ್ಟೆಗಳು ಒಡೆದು ಮೂರು ಮರಿ ಹೊರಬಂದವು. ಲೋಕನಾಥ ಬೇಯಿಸಿದ ಕೋಳಿಮೊಟ್ಟೆಯ ಹಳದಿ ಭಾಗವನ್ನು ಪುಡಿ ಮಾಡಿ ಕೊಡುತ್ತಿದ್ದ. ಕಚೇರಿಗೆ ಹೊರಟವನು ಚಪ್ಪಲಿ ಮೆಟ್ಟಿದ ಮೇಲೂ ಒಮ್ಮೆ ಹಿಂದಿರುಗಿ ನೋಡುತ್ತಿದ್ದ.

ಒಂದು ಸಂತೆಯ ದಿನ ಲೋಕನಾಥ ಮನೆಯಲ್ಲಿದ್ದಾಗ ಸೇಸಮ್ಮ ಬಂದಳು. ಕಂಕುಳಲ್ಲಿ ಮುಳ್ಳುಸೌತೆಯ ಗಂಟು. ಪ್ರಫುಲ್ಲಾ ನೀರು, ಬೆಲ್ಲ ತಂದಿಟ್ಟಳು. ಸೇಸಮ್ಮ ಜಗಲಿಯ ಅಂಚಿನಲ್ಲಿ ಕೂತು ಬೆಲ್ಲ ಕಚ್ಚಿ ನೀರು ಕುಡಿದಳು.

“ಜತ್ತಪ್ಪ ಹೇಳಿದ, ನಿಮ್ಮಲ್ಲಿ ಬಂಗಾರದ ಬಣ್ಣದ ಹಕ್ಕಿ ಉಂಟಂತೆ. ನೋಡಿ ಹೋಗುವ ಅಂತ ಬಂದೆ ಅಕ್ಕ.”

“ಬನ್ನಿ, ಒಳಗೆ ಉಂಟು. ಅದಕ್ಕೆ ಆಗುವ ಉಪಚಾರ ನಮಗೂ ಇಲ್ಲ” ಎಂದಳು ಪ್ರಫುಲ್ಲಾ.

ಒಳಗೆ ಕಾಲಿಡುವ ಮೊದಲು ಸೇಸಮ್ಮ ಗೋಡೆಯನ್ನು ನೋಡಿದಳು. ಓದು ಬಾರದವಳು, ಕೆಂಪು ಬರಹದ ಮೇಲೆ ಬೆರಳಿಟ್ಟು ಕೇಳಿದಳು.

“ನಮ್ಮ ಮನೆಯಲ್ಲಿ ಬರೆದದ್ದೂ ಇದೇ ಅಲ್ವಾ ಧನಿ? ಮದ್ದು ಹೊಡೆದ ಲೆಕ್ಕದ್ದು?”

“ಹೌದು” ಎಂದ ಲೋಕನಾಥ.

ಪ್ರಫುಲ್ಲಾ ಅವನ ಮುಖ ನೋಡಿದಳು.

ಸೇಸಮ್ಮ ಗೂಡಿನ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಗೆರಟೆಯಿಂದ ಮೂರು ಬಾಯಿಗಳು ಮೇಲೆದ್ದು ನಡುಗುತ್ತಿದ್ದವು. ತಾಯಿ ಒಂದೊಂದಕ್ಕೆ ಗುಟುಕು ಇಳಿಸುತ್ತಿತ್ತು. “ಇಷ್ಟೇ ಇಷ್ಟು ಜೀವ” ಎಂದಳು. ಮತ್ತೆ, “ನನ್ನ ಬಾಯಿ ಸುಟ್ಟುಹೋಗ್ಲಿ” ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಮದ್ದು ಹೊಡೆದ ಮೇಲೆ ಕೋಳಿಗಳು ಗೋಡೆಯಿಂದ ಬಿದ್ದ ಜಿರಳೆಗಳನ್ನು ಹೆಕ್ಕಿ ತಿಂದವು. ಕಾವಿಗೆ ಕೂತದ್ದು ಬುಟ್ಟಿಯಲ್ಲೇ ಸತ್ತಿತು. ಹಿಂದೆಯೇ ಇನ್ನೆರಡು. ಮೊಟ್ಟೆಗಳೆಲ್ಲ ತಣ್ಣಗಾದವು. ಸಿಟ್ಟಿನಲ್ಲಿ ಅವಳು ಊರಿನ ಯಜಮಾನ ಮುಂಡಪ್ಪ ಗೌಡರ ಮನೆಯ ದೈವದ ಎದುರು ಹೋಗಿ ದೂರು ಇಟ್ಟುಬಿಟ್ಟಳು.

“ನಿಮ್ಮ ಹೆಸರು ಹೇಳಿಯೇ ಇಟ್ಟದ್ದು ಧನಿ. ನನ್ನ ಕೋಳಿ ಕೊಂದವನ ಮನೆಯಲ್ಲೂ ಗೂಡು ಬರಿದಾಗಲಿ ಅಂತ.”

ಪ್ರಫುಲ್ಲಾಳ ಕೈ ತಾನಾಗಿ ಸೆರಗಿನ ಕೆಳಗೆ ಹೊಟ್ಟೆಗೆ ಹೋಯಿತು. ಸೇಸಮ್ಮ ಅದನ್ನು ಆಗಷ್ಟೇ ಗಮನಿಸಿದಳು. ಅವಳ ಮುಖ ಬಿಳಿಚಿತು.

“ಅಯ್ಯೋ ದೇವರೇ! ನನಗೆ ಗೊತ್ತಿರಲಿಲ್ಲ ಅಕ್ಕ. ಜತ್ತಪ್ಪ ಹೇಳಿದ, ಇನ್ಸ್‌ಪೆಕ್ಟರ ಮನೆಗೂ ನಾನೇ ಹೊಡೆದದ್ದು, ಹಕ್ಕಿಗೆ ಏನೂ ಆಗಿಲ್ಲ, ಬೇಕಾದ್ರೆ ಹೋಗಿ ನೋಡು ಅಂತ. ಈಗ ಕಣ್ಣಾರೆ ನೋಡಿದೆನಲ್ಲ. ಅದೇ ಮದ್ದಿನಲ್ಲಿ ಇದು ಮರಿ ಮಾಡಿದೆ. ಹಾಗಾದ್ರೆ ನನ್ನ ಕೋಳಿ ಸತ್ತದ್ದು ಬೇರೆ ಯಾವುದೋ ರೋಗದಲ್ಲಿ. ತಪ್ಪಿಲ್ಲದವರ ಹೆಸರನ್ನು ದೈವದ ಬಾಯಿಗೆ ಕೊಟ್ಟೆ.” ಅವಳು ಕಣ್ಣೊರಸಿಕೊಂಡಳು. “ಬರುವ ಸಂಕ್ರಮಣಕ್ಕೆ ತಪ್ಪುಕಾಣಿಕೆ ಇಟ್ಟು ದೂರು ಹಿಂದೆ ತೆಗೀತೇನೆ. ಹುಂಜ ಒಂದು ಉಳಿದುಂಟು, ಅದನ್ನೇ ಒಪ್ಪಿಸ್ತೇನೆ. ಆದ್ರೆ ನೀವು ಬಂದು ಗಂಧ ತೆಗೆದುಕೊಳ್ಬೇಕು. ನೀವು ಬಾರದೆ ದೂರು ಇಳಿಯುವುದಿಲ್ಲ.”

ಲೋಕನಾಥನಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು.

“ಬರ್ತೇನೆ” ಎಂದ.

ಮುಳ್ಳುಸೌತೆಯ ಗಂಟನ್ನು ಬೇಡವೆಂದರೂ ಬಿಟ್ಟು ಅವಳು ಹೋದಳು. ಪ್ರಫುಲ್ಲಾ ಬಾಗಿಲಲ್ಲೇ ನಿಂತಿದ್ದಳು.

“ಈಗಲೇ ಓಡಿ ಹೋಗಿ ಹೇಳಿಬಿಡಿ.”

“ಎಂತ ಹೇಳುವುದು?”

“ಮದ್ದು ಹೊಡೆದಿಲ್ಲ ಅಂತ.”

“ಹೇಳಿದ್ರೆ ನಾಳೆಯಿಂದ ಆ ಊರಲ್ಲಿ ಒಬ್ಬರೂ ಬಾಗಿಲು ತೆಗೀಲಿಕ್ಕಿಲ್ಲ. ನನ್ನ ಕೆಲಸವೂ ಹೋಗ್ತದೆ.”

“ಅವಳ ಹುಂಜ ಹೋಗ್ತದೆ.”

“ನಾಲ್ಕು ಕೋಳಿ ತೆಗೆದು ಕೊಡುವ.”

“ಯಾಕೆ ಅಂತ ಕೇಳಿದ್ರೆ?”

ಅವನು ಮುಳ್ಳುಸೌತೆಯ ಗಂಟನ್ನು ಎತ್ತಿ ಮೂಲೆಗಿಟ್ಟ. ತಗ್ಗಿದ ದನಿಯಲ್ಲಿ, “ನಿನ್ನ ಹೊಟ್ಟೆಯಲ್ಲಿರುವುದರ ಮೇಲೆ ದೂರು ಉಂಟು ಮಾರಾಯ್ತಿ. ಅದು ಇಳಿಯುವುದು ಬೇಡವಾ?” ಎಂದ.

“ಮೊನ್ನೆವರೆಗೆ ದೈವ ಗೀವ ಎಲ್ಲ ಬೊಗಳೆ ಅಂತಿದ್ರಿ” ಎಂದಳು ಪ್ರಫುಲ್ಲಾ. “ಸುಳ್ಳು ಹೇಳಿ ಇಳಿಸಿದ್ದು ಇಳೀತದಾ?” ಅವಳು ಒಳಗೆ ಹೋದಳು. ಆ ದಿನದಿಂದ ಅವಳು ಗೂಡಿನ ಕಡೆ ನೋಡುವುದನ್ನು ಬಿಟ್ಟಳು.

ಸಂಕ್ರಮಣದ ಬೆಳಿಗ್ಗೆ ಲೋಕನಾಥ ನೆರಿಯಕ್ಕೆ ಹೋದ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿದ: ನನ್ನ ಮನೆಗೆ ಮದ್ದು ಹೊಡೆದಿಲ್ಲ, ತಪ್ಪು ಸೇಸಮ್ಮನದ್ದಲ್ಲ. ತೋಡು ದಾಟುವಾಗ ಒಮ್ಮೆ ಗಟ್ಟಿಯಾಗಿ ಹೇಳಿಯೂ ನೋಡಿದ. ಸುಲಭವಾಗಿಯೇ ಬಂತು.

ಮುಂಡಪ್ಪ ಗೌಡರ ಅಂಗಳದಲ್ಲಿ ಜತ್ತಪ್ಪ ಅವನಿಗಿಂತ ಮೊದಲೇ ಬಂದಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ.

“ಪಂಪು ಹಿಡಿದದ್ದು ನನ್ನ ಕೈ ಸಾರ್. ನನಗೂ ಮಕ್ಕಳಿದ್ದಾರೆ. ನೀವು ಏನೂ ಮಾತಾಡದಿದ್ರೆ ಸಾಕು” ಎಂದು ಕಿವಿಯ ಹತ್ತಿರ ಪಿಸುಗುಟ್ಟಿದ.

ಸೇಸಮ್ಮ ಒಗೆದ ಸೀರೆ ಉಟ್ಟು, ಹುಂಜವನ್ನು ಎದೆಗೆ ಆನಿಸಿಕೊಂಡು ನಿಂತಿದ್ದಳು. ಅದರ ಕಾಲುಗಳನ್ನು ಬಾಳೆನಾರಿನಿಂದ ಕಟ್ಟಿದ್ದಳು. ಮುಂಡಪ್ಪ ಗೌಡರು ದೈವ ನೆಲೆಸುವ ಮಂಚದ ಎದುರು ದೀಪ ಹಚ್ಚಿ ಪ್ರಾರ್ಥನೆ ಮಾಡಿದರು. ತಿಳಿಯದೆ ಆಡಿದ ಮಾತು, ಬಡವಿ, ಮಡಿಲಿಗೆ ಹಾಕಿಕೊಂಡು ಕಾಯಬೇಕು ಎಂದು ಬೇಡಿದರು. ಆಮೇಲೆ ಲೋಕನಾಥನ ಕಡೆ ತಿರುಗಿದರು.

“ನಿಮ್ಮ ಕಡೆಯಿಂದ ಏನಾದ್ರೂ ಹೇಳ್ಲಿಕ್ಕುಂಟಾ? ಇದ್ರೆ ಈಗ ಹೇಳಿ. ಗಂಧ ಕೊಟ್ಟ ಮೇಲೆ ಮಾತಿಲ್ಲ.”

ಜತ್ತಪ್ಪ ಕೆಮ್ಮಿದ. ಸೇಸಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಹುಂಜದ ಕುತ್ತಿಗೆಯ ಪುಕ್ಕಗಳನ್ನು ಬೆರಳಿನಿಂದ ಸವರುತ್ತಿದ್ದಳು.

“ನನ್ನ ಮನೆಗೆ…” ಎಂದ ಲೋಕನಾಥ.

“ಹಾಂ?”

“ಏನಿಲ್ಲ. ನನ್ನದೇನೂ ಇಲ್ಲ.”

ಮುಂಡಪ್ಪ ಗೌಡರು ಬಾಳೆ ಎಲೆಯ ಚೂರಿನಿಂದ ಗಂಧವನ್ನು ಅವನ ಅಂಗೈಗೆ ಎತ್ತಿ ಹಾಕಿದರು. ತಣ್ಣಗಿತ್ತು. ಜತ್ತಪ್ಪ ತನ್ನ ಪಾಲನ್ನು ಹಣೆಗೆ, ಎದೆಗೆ, ಎರಡೂ ತೋಳುಗಳಿಗೆ ಬಳಿದುಕೊಂಡ. ಲೋಕನಾಥ ಕೈ ಮುಚ್ಚಿದ. ಸೇಸಮ್ಮ ಹುಂಜವನ್ನು ಒಪ್ಪಿಸಿ ಅವನೆದುರು ಬಂದು ಕೈಮುಗಿದಳು.

“ಮನಸ್ಸಿನಲ್ಲಿ ಇಟ್ಟುಕೊಳ್ಬೇಡಿ ಧನಿ. ಅಕ್ಕನಿಗೆ ಹೇಳಿ, ಇನ್ನು ಹೆದರ್ಲಿಕ್ಕಿಲ್ಲ ಅಂತ.”

ಮುಂಡಾಜೆಯ ರಸ್ತೆಯವರೆಗೆ ನಡೆದು ಅವನು ಚಾರ್ಮಾಡಿಯ ಕಡೆಯಿಂದ ಬಂದ ಬಸ್ಸು ಹತ್ತಿದ. ಬಸ್ಸು ತುಂಬಿತ್ತು. ಕಂಡಕ್ಟರ್ ನಿಝಾಮುದ್ದೀನ್ ಜನರ ನಡುವೆ ನುಸುಳಿ ಬಂದು ಎದುರು ನಿಂತಾಗ ಲೋಕನಾಥ ಎಡಗೈಯಲ್ಲಿ ಜೇಬು ತಡಕಿ ಚಿಲ್ಲರೆ ಚಾಚಿದ.

“ಎಂತ ಇನ್ಸ್‌ಪೆಕ್ಟ್ರೆ, ಎಡಗೈ ಕೊಡ್ತೀರಿ? ಇವತ್ತಿನ ನನ್ನ ವ್ಯಾಪಾರ ಮುಳುಗಿಸ್ಲಿಕ್ಕಾ? ಬಲಗೈಯಲ್ಲಿ ಏನು, ನಿಧಿಯಾ?”

“ಗಂಧ” ಎಂದ ಲೋಕನಾಥ. “ದೈವದ್ದು.”

“ಹಾಗಾದ್ರೆ ಅಡ್ಡಿಯಿಲ್ಲ, ಎಡಗೈಯೇ ಆಗಲಿ” ಎಂದು ನಿಝಾಮುದ್ದೀನ್ ದನಿ ತಗ್ಗಿಸಿ, ದುಡ್ಡು ತೆಗೆದುಕೊಂಡು ಮುಂದೆ ಸರಿದ.

ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಅವನ ಭುಜ ಮುಟ್ಟಿದಳು. ಮಡಿಲಲ್ಲಿ ಕಂಬಳಿ ಸುತ್ತಿದ ಮಗು ಹಲ್ಲು ಕಡಿಯುತ್ತಿತ್ತು.

“ಆಸ್ಪತ್ರೆಗೆ ಹೊರಟದ್ದು ಅಣ್ಣ. ಚಳಿಜ್ವರ ಬಿಡುವುದೇ ಇಲ್ಲ. ಒಂದು ಚೂರು ಕೊಡ್ತೀರಾ?”

ಲೋಕನಾಥ ಸೀಟಿನ ಮೇಲಿಂದ ಕೈ ಹಿಂದಕ್ಕೆ ಚಾಚಿ ಮುಷ್ಟಿ ಬಿಡಿಸಿದ. ಗಂಧ ಒಣಗಿ ಅಂಗೈಯ ಗೆರೆಗಳ ಉದ್ದಕ್ಕೂ ಬಿರಿದಿತ್ತು. ಅವಳು ಬಾಟಲಿಯ ನೀರಲ್ಲಿ ಬೆರಳು ಅದ್ದಿ, ಅವನ ಅಂಗೈಯನ್ನು ಮೆಲ್ಲಗೆ ಉಜ್ಜಿ, ಕರಗಿದಷ್ಟನ್ನು ಮಗುವಿನ ಹಣೆಗೆ ಹಚ್ಚಿದಳು. ಕಂಬಳಿ ಸರಿಸಿ ಎದೆಗೂ ಹಚ್ಚಲು ಮತ್ತೆ ಬೆರಳು ಒದ್ದೆ ಮಾಡಿಕೊಂಡಳು. ಬಸ್ಸು ತಿರುವಿನಲ್ಲಿ ವಾಲಿತು. ಅವನು ಕೈಯನ್ನು ಅಲುಗಿಸದೆ ಹಿಡಿದುಕೊಂಡ.